ಅಘನಾಶಿನಿಯ ಅಳಿವೆಯಲ್ಲಿ

ಚೈತ್ರದ ಒಂದು ಮಧ್ಯಾಹ್ನ ಕುಮಟೆಯಿಂದ ಹೊರಟು ಅಘನಾಶಿನಿ ಗ್ರಾಮವನ್ನು ಸೇರಿದೆನು. ಸಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಅಣೆಕಟ್ಟಿನ ತಡೆಯಿಲ್ಲದೆ ಹರಿದುಬರುವ ನದಿಯು ಇಲ್ಲಿಯೇ ಅರಬ್ಬೀ ಸಮುದ್ರವನ್ನು ಕೂಡುವುದು. ಎದುರು ದಡದಲ್ಲಿ ತದಡಿಯ ದೋಣಿಗಳು. ನಡುವೆ ಇಳಿತದ ವೇಳೆಗೆ ಮೈದೋರಿದ ಮರಳದಿಣ್ಣೆಗಳು. ಅಲ್ಲಿ ಹೆಂಗಸರು ಬಾಗಿ ಬಳಚನ್ನು ಆಯುತ್ತಿದ್ದರು.

ದಂಡೆಯ ಬಂಡೆಗಳಿಗೆ ಕಲ್ಗಗಳು ಒತ್ತೊತ್ತಾಗಿ ಅಂಟಿಕೊಂಡಿದ್ದುವು. ಬಂಡೆಯ ಮೇಲೆ ಕೈಯಿಟ್ಟೆನು, ಚುರುಕ್ಕೆಂದಿತು. ನಾನು ಗಳಿಗೆಯ ಮಟ್ಟಿಗೂ ಸಹಿಸಲಾರದ ಈ ಬೇಗೆಯಲ್ಲಿ, ಓಡಿಹೋಗಲು ಕಾಲಿಲ್ಲದ ಪ್ರಾಣಿಯು ದಿನವೂ ಬದುಕುವುದೆಂತು? ಮಳೆಗಾಲ ಬಂದಿತೆಂದರೆ ಇನ್ನೊಂದು ಸಂಕಟ. ಸುತ್ತಲಿನ ಉಪ್ಪುನೀರೇ ಸಿಹಿಯಾಗಿ ಬಿಡುವುದು.

ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಳ್ಳುವುದು ಮೊದಲನೆಯ ಉಪಾಯ. ಎರಡನೆಯದು ಕಣ್ಣಿಗೆ ಕಾಣದು. ಕಲ್ಗದ ಸಮೀಪಬಂಧುವಾದ ಶಾಂತಸಾಗರದ ಸಿಂಪಿಯ ವಂಶವಾಹಿಗಳನ್ನು ಓದಿ, ಚೀನಾದೇಶದ ವಿಜ್ಞಾನಿಗಳೂ ಅವರ ಜೊತೆಗಾರರೂ 2012ರಲ್ಲಿ ಒಂದು ಸೋಜಿಗವನ್ನು ಪ್ರಕಟಿಸಿದರು. ಶಾಖ ಅತಿಯಾದರೆ ಜೀವಕೋಶದೊಳಗಿನ ಪ್ರೋಟೀನುಗಳ ಮಡಿಕೆ ಕೆಡುವುದು. ಅವನ್ನು ಹಿಡಿದು ಸರಿಪಡಿಸುವ ಸೇವಕ ಪ್ರೋಟೀನುಗಳೂ ಉಂಟು. ಅಂತಹ ಒಂದು ಕುಟುಂಬಕ್ಕೆ ಸೇರಿದ ವಂಶವಾಹಿಗಳು ಮನುಷ್ಯನಲ್ಲಿ ಸುಮಾರು 17. ಆ ಸಿಂಪಿಯಲ್ಲಿ 88! ಇಳಿತದ ಬಿಸಿಲಿನಲ್ಲಿ ಅದು 49 ಡಿಗ್ರಿ ಸೆಲ್ಸಿಯಸ್‌ವರೆಗಿನ ಕಾವನ್ನೂ ತಾಳಬಲ್ಲುದು.

ಇಷ್ಟೊಂದು ಎಲ್ಲಿಂದ ಬಂದುವು? ವಂಶವಾಹಿಯು ನಕಲಾಗುವಾಗ ಅಕಸ್ಮಾತ್ತಾಗಿ ಒಂದು ಎರಡಾಗುವುದುಂಟು. ಒಂದು ಹಳೆಯ ಕೆಲಸವನ್ನು ನಡೆಸಿಕೊಂಡಿರಲು, ಇನ್ನೊಂದಕ್ಕೆ ಬದಲಾಗುವ ಸ್ವಾತಂತ್ರ್ಯ ದೊರೆಯುವುದು. ಆಪತ್ತಿಗೆ ಒದಗಿದವು ತಲೆಮಾರುಗಳಲ್ಲಿ ಉಳಿದುಬಂದುವು. ದೊಡ್ಡ ಕುಟುಂಬದಲ್ಲಿ ಕಷ್ಟಕಾಲಕ್ಕೆ ಹತ್ತಾರು ಕೈಗಳು ಒದಗುವುದಿಲ್ಲವೆ, ಹಾಗೆ.

ದಿಣ್ಣೆಯಿಂದ ಹಿಂದಿರುಗಿದ ಮುದುಕಿಯೊಬ್ಬಳು ಬುಟ್ಟಿಯನ್ನಿಳಿಸಿ, ಸಣ್ಣ ಬಳಚುಗಳನ್ನು ಆರಿಸಿ ನೀರಿಗೆ ಬಿಡತೊಡಗಿದಳು.

“ಇಷ್ಟು ಬಿಸಿಲಿನಲ್ಲಿ ಆಯ್ದದ್ದನ್ನು ಮತ್ತೆ ಬಿಡುವಿರೇಕೆ, ಅಮ್ಮಾ?” ಎಂದೆನು.

“ಮರಿಯನ್ನೂ ತಿಂದರೆ ಬರುವ ವರ್ಷ ಬುಟ್ಟಿಗೆ ಏನು ಬೀಳುತ್ತದೆ, ತಮ್ಮಾ? ಮಗಳೂ ಇದೇ ನೀರಿಗೆ ಇಳಿಯಬೇಕಲ್ಲ!”

ಈ ಅಳಿವೆಯ ಹೆಸರು ರಾಮ್ಸಾರ್ ಒಪ್ಪಂದದ ಜೌಗುಭೂಮಿಗಳ ಪಟ್ಟಿಗೆ 2024ರಲ್ಲಿ ಸೇರಿತು. ಅದು ಸಂತೋಷದ ಮಾತೇ. ಆದರೆ ಆ ಮುದುಕಿಯ ಮಾತು ನನ್ನ ಮನಸ್ಸಿನಲ್ಲಿ ಹೆಚ್ಚಾಗಿ ನಿಂತಿತು. ಬಿಸಿಲಿಗೂ ಮಳೆಗೂ ಈ ಮೂಕಪ್ರಾಣಿಗಳು ಯುಗಯುಗಗಳಿಂದ ಸಿದ್ಧವಾಗಿವೆ. ಮನುಷ್ಯನ ದುರಾಸೆಯನ್ನು ತಡೆಯುವ ವಂಶವಾಹಿ ಮಾತ್ರ ಅವುಗಳಲ್ಲಿಲ್ಲ. ಆ ತಡೆ ನಮ್ಮ ಕೈಯಲ್ಲಿಯೇ ಇರಬೇಕು.

ಹೊರಡುವ ಹೊತ್ತಿಗೆ ಉಬ್ಬರವೇರುತ್ತಿದ್ದಿತು. ಕಾದ ಬಂಡೆಗಳನ್ನು ನೀರು ಮೆಲ್ಲನೆ ಮುಚ್ಚಿತು.