ಕಾಣದ ಎಲೆಗಳು

ಮೇಜಿನ ನಡುವೆ ಸೇರಿದ್ದ ಹಣ 4,000 ರೂಪಾಯಿ. ಐದನೆಯ ಎಲೆ ಬಿದ್ದ ಕೂಡಲೇ ಎದುರಾಳಿ 8,000 ಕಟ್ಟಿದ. ಅವನ ಬಗ್ಗೆ ನನಗೆ ಗೊತ್ತಿದ್ದದ್ದು ಒಂದು ಸುಳ್ಳು ಹೆಸರು, ಒಂದು ಹುಲಿಯ ಚಿತ್ರ, ಅಷ್ಟೇ. ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಇಳಿಯುತ್ತಿದ್ದವು. 2024ರ ಮಳೆಗಾಲ, ಹಾಸ್ಟೆಲಿನ ಕೋಣೆ, ರಾತ್ರಿ ಒಂದೂವರೆ. ನಾಲ್ಕು ತಿಂಗಳಿಂದ ಫೆಲೋಶಿಪ್ ಬಂದಿರಲಿಲ್ಲ. ಖಾತೆಯಲ್ಲಿದ್ದದ್ದು ಮೆಸ್ಸಿನ ಬಾಕಿ ಕಟ್ಟು ಎಂದು ಅಮ್ಮ ಕಳಿಸಿದ್ದ ದುಡ್ಡು.

ಪೋಕರ್ ಆಡದವರಿಗಾಗಿ ಎರಡು ಮಾತು. ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಎರಡು ಗುಟ್ಟಿನ ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು. ಈ ಏಳರಲ್ಲಿ ಒಳ್ಳೆಯ ಐದನ್ನು ಕೂಡಿಸಿದವರು ಗೆದ್ದರು. ಸಾಮಾನ್ಯವಾಗಿ ನಡುವೆ ಇರುವ ಹಣದ ಅರ್ಧವನ್ನೋ ಮುಕ್ಕಾಲನ್ನೋ ಕಟ್ಟುತ್ತಾರೆ. ಇರುವುದಕ್ಕಿಂತ ಹೆಚ್ಚು ಕಟ್ಟಿದರೆ ಅದು ಓವರ್‌ಬೆಟ್. ಅಂಥ ಪಣಕ್ಕೆ ಹೆಚ್ಚುಕಡಿಮೆ ಎರಡೇ ಅರ್ಥ: ಬಹಳ ಗಟ್ಟಿ ಎಲೆ ಇದೆ, ಇಲ್ಲವೇ ಏನೂ ಇಲ್ಲ. ನಡುತರದ ಎಲೆ ಹಿಡಿದವನು ಹಾಗೆ ಕಟ್ಟುವುದಿಲ್ಲ. ಕಟ್ಟಿದರೆ ಅವನಿಗಿಂತ ಕಡಿಮೆಯವರು ಆಟ ಬಿಡುತ್ತಾರೆ, ಹೆಚ್ಚಿನವರು ಮಾತ್ರ ಉಳಿಯುತ್ತಾರೆ.

ಲೆಕ್ಕ ಸರಳ. 12,000 ಗೆಲ್ಲಲು ನಾನು 8,000 ಹಾಕಬೇಕು. ಹತ್ತರಲ್ಲಿ ನಾಲ್ಕು ಸಲ ಅವನು ಬ್ಲಫ್ ಮಾಡುವವನಾದರೆ ನನಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದೇ ಅವನು 2,000 ಕಟ್ಟಿದ್ದರೆ ನಾಲ್ಕರಲ್ಲಿ ಒಂದು ಸಲ ನನ್ನ ಊಹೆ ಸರಿಯಾದರೂ ಸಾಕಿತ್ತು. ಪಣ ದೊಡ್ಡದಾದಷ್ಟೂ ನನ್ನ ಓದು ಹೆಚ್ಚು ಸಲ ಸರಿಯಿರಬೇಕು.

ನನ್ನ ಕೈಯಲ್ಲಿ ಇಸ್ಪೀಟ್ ಎಕ್ಕ, ಆಟೀನ್ ರಾಜ. ಮೇಜಿನ ಮೇಲೆ ಕಳಾವರ್ ರಾಜ, ಇಸ್ಪೀಟ್ ಒಂಬತ್ತು, ಇಸ್ಪೀಟ್ ನಾಲ್ಕು, ಡೈಮಂಡ್ ಏಳು, ಆಟೀನ್ ಎರಡು. ನನ್ನದು ರಾಜನ ಜೋಡಿ. ನಾನು ಓದಿದ್ದು ಹೀಗೆ: ಇವನು ಐದು ಇಸ್ಪೀಟ್ ಕೂಡಿಸಲು ಕಾದಿದ್ದಾನೆ, ಕೂಡಲಿಲ್ಲ, ಈಗ ಹೆದರಿಸಿ ಓಡಿಸಲು ನೋಡುತ್ತಿದ್ದಾನೆ. ಕಾಲ್ ಒತ್ತಿದೆ. ಅವನು ಎರಡು ನಾಲ್ಕು ತೋರಿಸಿದ. ಮೇಜಿನ ಮೇಲಿನದೂ ಸೇರಿ ಮೂರು ನಾಲ್ಕು.

ತಪ್ಪು ಎಲ್ಲಿ ಎಂದು ಹೊಳೆಯಲು ಎರಡು ದಿನ ಹಿಡಿಯಿತು. ಇಸ್ಪೀಟ್ ಎಕ್ಕ ನನ್ನ ಕೈಯಲ್ಲೇ ಇತ್ತು! ಇಸ್ಪೀಟಿಗೆ ಕಾಯುವವರು ಸಾಮಾನ್ಯವಾಗಿ ಹಿಡಿದಿರುವ ಎಲೆ ಅದು. ಅದು ನನ್ನಲ್ಲಿದ್ದ ಮೇಲೆ ಅವನು ಬರಿಗೈಯಲ್ಲಿರುವ ಸಾಧ್ಯತೆ ಅಷ್ಟರಮಟ್ಟಿಗೆ ಕಡಿಮೆ. ನನ್ನ ಊಹೆಗೆ ವಿರುದ್ಧವಾದ ಸಾಕ್ಷಿಯನ್ನು ನಾನೇ ಹಿಡಿದು ಕೂತಿದ್ದೆ.

ದೊಡ್ಡ ಪಣಗಳಿಗೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೆ. ಯಾರು, ಎಷ್ಟು ಕಟ್ಟಿದರು, ಕೊನೆಗೆ ಎಲೆ ಏನಿತ್ತು ಎಂದು ಬರೆಯುತ್ತಿದ್ದೆ. ಆ ರಾತ್ರಿಯ ನಂತರ ತೆರೆದು ನೋಡಿದರೆ ಅರ್ಧಕ್ಕಿಂತ ಹೆಚ್ಚು ಸಾಲುಗಳಲ್ಲಿ ಕೊನೆಯ ಅಂಕಣ ಖಾಲಿ. ಎದುರಿನವರು ಆಟ ಬಿಟ್ಟರೆ ಪಣ ಕಟ್ಟಿದವನು ಎಲೆ ತೋರಿಸಬೇಕಿಲ್ಲ. ಗೆದ್ದ ಬ್ಲಫ್ ಯಾರಿಗೂ ಕಾಣುವುದಿಲ್ಲ. ಕಂಡಷ್ಟನ್ನೇ ಕೂಡಿಸಿಕೊಂಡು ನಾನು ಜನರನ್ನು ಓದಬಲ್ಲೆ ಎಂದು ನಂಬಿದ್ದೆ.

2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಮ್ ನಾಲ್ವರು ವೃತ್ತಿಪರರೊಡನೆ 20 ದಿನ, 1,20,000 ಆಟ ಆಡಿ ಗೆದ್ದಿತು. ಮನುಷ್ಯರು ಕಟ್ಟಲು ಹಿಂಜರಿಯುವಂಥ ದೊಡ್ಡ ಪಣಗಳನ್ನು ಅದು ಕಟ್ಟುತ್ತಿತ್ತು. ಗಟ್ಟಿ ಎಲೆಯಿದ್ದಾಗಲೂ, ಏನೂ ಇಲ್ಲದಾಗಲೂ. ಅದಕ್ಕೆ ಕೋಪವಿಲ್ಲ, ಮೆಸ್ಸಿನ ಬಾಕಿಯೂ ಇಲ್ಲ. ಅದರ ಪಣದ ಹಿಂದೆ ಮನಸ್ಸನ್ನು ಹುಡುಕಿ ಪ್ರಯೋಜನವಿಲ್ಲ. ಹುಲಿಯ ಚಿತ್ರದ ಹಿಂದೆ ನಾನು ಕಂಡ ಹತಾಶ ಮನುಷ್ಯ ಯಾರೆಂದು ಆಮೇಲೆ ಯೋಚಿಸಿದೆ. ಆ ಮೇಜಿನಲ್ಲಿ ಹತಾಶನಾಗಿದ್ದವನು ನಾನೊಬ್ಬನೇ ಇರಬೇಕು. ಅವನು ಸುಳ್ಳಾಡುತ್ತಿರಬೇಕು ಎಂಬುದು ನನ್ನ ಅಗತ್ಯವಾಗಿತ್ತು.

ನನ್ನ ಸಂಶೋಧನೆ ಓಲೆಗರಿಗಳ ಪಾಠಾಂತರಗಳ ಮೇಲೆ. ಅದೇ ವಾರ ಮಾರ್ಗದರ್ಶಕರು ನನ್ನ ಮೂರನೆಯ ಅಧ್ಯಾಯ ಹಿಂದಿರುಗಿಸಿದರು. ಒಂದು ಸಾಲಿನ ಕೆಳಗೆ ಕೆಂಪು ಗೆರೆ. "ಈ ಪಾಠ ಯಾವ ಪ್ರತೀಲಿದೆ?" ಎಂದರು. ಯಾವುದರಲ್ಲೂ ಇರಲಿಲ್ಲ. ಮೂರು ಪ್ರತಿಗಳಲ್ಲೂ ಒಂದೇ ವಿಚಿತ್ರ ಪದವಿತ್ತು. ಲಿಪಿಕಾರನ ಕೈತಪ್ಪು ಎಂದು ತೀರ್ಮಾನಿಸಿ ನಾನೇ ತಿದ್ದಿದ್ದೆ. ತಿದ್ದಿದ ಪದ ನನ್ನ ವಾದಕ್ಕೆ ಚೆನ್ನಾಗಿ ಹೊಂದುತ್ತಿತ್ತು. "ವಿಚಿತ್ರವಾಗಿದೆ ಅಂದಮಾತ್ರಕ್ಕೆ ತಪ್ಪು ಅಂದ್ಕೋಬೇಡಪ್ಪ. ಮೂರೂ ಜನ ಯಾಕೆ ಹಾಗೇ ಬರೆದಿಟ್ರು ಅಂತ ಮೊದಲು ಕೇಳ್ಕೊ" ಎಂದರು. ನಾನು ಅವರ ಮುಖ ನೋಡಲಿಲ್ಲ. 8,000 ರೂಪಾಯಿಯ ವಿಷಯ ಅವರಿಗೆ ಗೊತ್ತಿರಲಿಲ್ಲ.

ಆಮೇಲೆ ನಾನು ಆಡಲಿಲ್ಲ. 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ ಬಂದಾಗ ಗೆಳೆಯರು ಗಂಟೆಗಟ್ಟಲೆ ಚರ್ಚಿಸಿದರು. ನಾನು ಸುಮ್ಮನೆ ಕೇಳಿಸಿಕೊಂಡೆ. ಆ ಹೊತ್ತಿಗೆ ಅಮ್ಮನಿಗೆ ಹೇಳಿ ವರ್ಷವಾಗುತ್ತ ಬಂದಿತ್ತು.

ಹೇಳಿದ್ದು ದೀಪಾವಳಿಗೆ ಊರಿಗೆ ಹೋದಾಗ. ಪಡಸಾಲೆಯಲ್ಲಿ ಮಾವಂದಿರು ಇಸ್ಪೀಟ್ ಹರಡಿ ಕೂತಿದ್ದರು. ಅಮ್ಮ ಅಡುಗೆಮನೆಯಲ್ಲಿ ಕಜ್ಜಾಯ ಬೇಯಿಸುತ್ತಿದ್ದಳು. ಪಕ್ಕದಲ್ಲಿ ಕೂತು, ನಾಲ್ಕು ಸಾವಿರ ಇದ್ದ ಕಡೆ ಅವನು ಎಂಟು ಸಾವಿರ ಕಟ್ಟಿದ್ದನ್ನೂ ಸೇರಿಸಿ ಎಲ್ಲ ಹೇಳಿದೆ. ಅವಳು ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ.

"ಅಷ್ಟು ಹಾಕವ್ನೆ ಅಂದ್ರೆ ಕೈಯಲ್ಲಿ ಇಟ್ಕೊಂಡೇ ಹಾಕಿರ್ತಾನೆ ಅಂತ ಅನ್ನಿಸ್ಲಿಲ್ವೇನೋ?"

ಹತ್ತರಲ್ಲಿ ನಾಲ್ಕರ ಲೆಕ್ಕ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ಮತ್ತೆ ಮೆಸ್ಸಿಗೆ ಏನ್ ಮಾಡ್ದೆ?" ಎಂದಳು.

"ಇನ್ನೂ ಕಟ್ಟಿಲ್ಲಮ್ಮ."

ಎಣ್ಣೆ ಹಿಂಡಿದ ಕಜ್ಜಾಯವೊಂದನ್ನು ತಟ್ಟೆಗೆ ಹಾಕಿ ನನ್ನ ಕಡೆ ಸರಿಸಿದಳು. ಅವಳ ಮುಖದಲ್ಲಿ ಏನಿತ್ತೆಂದು ಊಹಿಸಲು ಹೋಗಲಿಲ್ಲ. ಬಿಸಿ ಆರುವವರೆಗೆ ಅಲ್ಲೇ ಕೂತಿದ್ದೆ.