ವಿಮೆಯಿಲ್ಲದವನ ನ್ಯಾಯ

ದಾರಿಯಲ್ಲಿ ಪೆಟ್ಟು ತಿಂದವನು ದೂರು ಹೇಳಲು ಅಂಜುವನೆಂದರೆ ಕೇಳಿದವರಿಗೆ ವಿಚಿತ್ರವೆನಿಸೀತು. ಆದರೆ ನಮ್ಮ ಸಂಸಾರಗಳಲ್ಲಿ ಇದು ಅಪರೂಪವಲ್ಲ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ನಮ್ಮ ಜನರ ಸ್ವಭಾವ. ತಮ್ಮ ಕಾಗದಪತ್ರದಲ್ಲಿ ಒಂದು ಕೊರತೆಯಿದ್ದರೆ ಸಾಕು, ಎದುರಿನವನು ಮಾಡಿದ ಅನ್ಯಾಯವನ್ನು ನುಂಗಿಕೊಂಡು ಮನೆ ಸೇರುವವರು ಹಲವರು. ತನ್ನ ವಾಹನಕ್ಕೆ ವಿಮೆಯಿಲ್ಲದಿರುವಾಗ ಪರರ ತಪ್ಪಿನಿಂದ ಅಪಘಾತಕ್ಕೆ ಗುರಿಯಾದವನ ಸ್ಥಿತಿಯೂ ಇಂಥದೇ. ಅವನಿಗೆ ಕಾಯಿದೆಯಲ್ಲಿ ಯಾವ ಆಸರೆಯುಂಟೆಂಬುದನ್ನು ಗೃಹಸ್ಥರಾದ ವಾಚಕರ ಮುಂದಿಡುವುದು ಉಚಿತವೆಂದು ನಮಗೆ ತೋರಿದೆ.

ಈ ವಿಷಯದಲ್ಲಿ ನಮಗೆ ಆಸಕ್ತಿ ಹುಟ್ಟಿದ್ದು ನಮ್ಮ ನೆರೆಮನೆಯವರ ದೆಸೆಯಿಂದ. ಅವರು ಮದುವೆಮನೆಗಳಲ್ಲಿ ಅಡುಗೆ ಮಾಡಿ ಜೀವಿಸತಕ್ಕವರು. ೨೦೨೪ನೆಯ ಇಸವಿಯ ಫೆಬ್ರವರಿಯಲ್ಲಿ, ಬೆಂಗಳೂರಿನ ಒಂದು ವೃತ್ತದ ಬಳಿ ಕೆಂಪು ದೀಪವನ್ನು ಕಂಡು ಸ್ಕೂಟರನ್ನು ನಿಲ್ಲಿಸಿದ್ದಾಗ, ಹಿಂದಿನಿಂದ ಬಂದ ಕಾರೊಂದು ಅವರನ್ನು ಕೆಡವಿತು. ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ಒಲೆಯ ಮುಂದೆ ನಿಂತೇ ದುಡಿಯಬೇಕಾದವರಿಗೆ, ಲಗ್ನದ ತಿಂಗಳುಗಳು ಎದುರಿಗಿರುವಾಗ, ಕಾಲು ಹೋಯಿತೆಂದರೆ ವರ್ಷದ ಅನ್ನವೇ ಹೋದಂತೆ. ಸ್ಕೂಟರಿನ ವಿಮೆಯ ಅವಧಿ ತೀರಿತ್ತೆಂಬುದು ಕಾಗದಗಳನ್ನು ಹುಡುಕುವಾಗ ಬೆಳಕಿಗೆ ಬಂತು. ೨೦೧೮ರ ಸೆಪ್ಟೆಂಬರಿನಿಂದ, ಹೊಸ ದ್ವಿಚಕ್ರ ವಾಹನವನ್ನು ಕೊಳ್ಳುವಾಗಲೇ ಐದು ವರ್ಷಗಳ ವಿಮೆಯನ್ನು ಮಾಡಿಸಬೇಕೆಂಬ ನಿಯಮವುಂಟು. ಐದು ವರ್ಷ ಯಾರ ನೆನಪಿಗೂ ಬಾರದ ಕಾಗದವು ಆರನೆಯ ವರ್ಷ ಮರೆತುಹೋಗಿತ್ತು.

ಕಾರಿನವರು ಇದನ್ನು ತಿಳಿದು, “ನಿಮಗೆ ವಿಮೆಯೇ ಇಲ್ಲ, ದೂರು ಕೊಟ್ಟರೆ ಸಿಕ್ಕಿಬೀಳುವವರು ನೀವೇ. ಹತ್ತು ಸಾವಿರ ತೆಗೆದುಕೊಂಡು ಮುಗಿಸಿಬಿಡಿ” ಎಂದು ಹೇಳಿ ಕಳುಹಿಸಿದರು. ಆ ತಾಯಿಯೂ ನಮ್ಮನ್ನು ಕಂಡು, “ಏನಣ್ಣಾ, ಕಾಲು ಮುರಿದದ್ದು ಸಾಲದೆಂದು ಠಾಣೆಯ ಮೆಟ್ಟಿಲನ್ನೂ ಹತ್ತಬೇಕೆ?” ಎಂದು ಕಣ್ಣೊರೆಸಿಕೊಂಡರು. ಕ್ಯಾಲಿಫೋರ್ನಿಯಾದಲ್ಲಿರುವ ಅವರ ಮಗಳು ಫೋನಿನಲ್ಲಿ, ವಿಮೆಯಿಲ್ಲದವರಿಗೆ ತಮ್ಮ ಊರಿನಲ್ಲಿ ಪರಿಹಾರಕ್ಕೇ ಕತ್ತರಿಯೆಂದು ಹೇಳಿದ ಮೇಲಂತೂ ಮನೆಯವರೆಲ್ಲ ಧೈರ್ಯಗುಂದಿದರು.

ನಾವು ಪರಿಚಿತರಾದ ವಕೀಲರೊಬ್ಬರ ಬಳಿಗೆ ಹೋದೆವು. ಅವರು ಹೇಳಿದುದರ ಸಾರಾಂಶ ಇಷ್ಟು: ಇಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ, ಒಂದನ್ನು ಇನ್ನೊಂದರಲ್ಲಿ ಕಳೆಯತಕ್ಕದ್ದಲ್ಲ. ವಿಮೆಯಿಲ್ಲದೆ ವಾಹನವನ್ನು ರಸ್ತೆಗೆ ತರುವುದು ೧೯೮೮ರ ಮೋಟಾರು ವಾಹನ ಕಾಯಿದೆಯ ೧೪೬ನೆಯ ಕಲಮಿಗೆ ವಿರುದ್ಧ. ಅದಕ್ಕೆ ೧೯೬ನೆಯ ಕಲಮಿನಲ್ಲಿ ಮೊದಲ ಸಲ ೨,೦೦೦ ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗಿನ ಸಜೆ, ಅಥವಾ ಎರಡೂ ಉಂಟು. ಮತ್ತೆ ಮಾಡಿದರೆ ದಂಡ ೪,೦೦೦ ರೂಪಾಯಿ. ಇದು ಸರಕಾರಕ್ಕೆ ತೆರಬೇಕಾದ ಲೆಕ್ಕ. ನಿಂತ ಸ್ಕೂಟರಿಗೆ ಕಾರು ಗುದ್ದಿಸಿದವನ ಅಜಾಗರೂಕತೆಯು ಇನ್ನೊಂದು ಲೆಕ್ಕ. ವಿಮೆಯ ಕಾಗದವು ಪೆಟ್ಟಿಗೆಯಲ್ಲಿದ್ದಿದ್ದರೆ ಆ ಕಾರು ನಿಲ್ಲುತ್ತಿತ್ತೆ? ಪರವಾನಿಗೆಯಿಲ್ಲದೆ ವಾಹನ ನಡೆಸಿದ ಹುಡುಗನೊಬ್ಬನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೮ರಲ್ಲಿ ಇದೇ ತತ್ವವನ್ನು ಎತ್ತಿಹಿಡಿಯಿತು: ಪರವಾನಿಗೆಯಿಲ್ಲದಿರುವುದು ಅಪರಾಧವಾದೀತು, ಆದರೆ ಅಷ್ಟರಿಂದಲೇ ಅಪಘಾತದಲ್ಲಿ ಅವನ ತಪ್ಪೂ ಸೇರಿದೆಯೆಂದು ಹೇಳಲಾಗದು.

ಮಗಳ ಮಾತೂ ಸುಳ್ಳಲ್ಲ. ಕ್ಯಾಲಿಫೋರ್ನಿಯಾದ ಜನರು ೧೯೯೬ರಲ್ಲಿ ಮತದಿಂದ ಅಂಗೀಕರಿಸಿದ ಕಾಯಿದೆಯಂತೆ, ವಿಮೆಯಿಲ್ಲದ ಚಾಲಕನಿಗೆ ನೋವು, ಸಂಕಟಗಳ ಬಾಬ್ತಿನ ಪರಿಹಾರವು ಸಾಮಾನ್ಯವಾಗಿ ದೊರೆಯದು. ಅಲ್ಲಿಯೂ ಚಿಕಿತ್ಸೆಯ ವೆಚ್ಚವನ್ನೂ ವಾಹನದ ಜಖಮಿನ ವೆಚ್ಚವನ್ನೂ ಕೇಳುವ ಹಕ್ಕು ಉಳಿದಿದೆ. ನಮ್ಮ ಕಾಯಿದೆಯಲ್ಲಿ ಅಂಥ ಕತ್ತರಿಯೇ ಇಲ್ಲ.

ಹಾಗಾದರೆ ಹಣ ಕೊಡತಕ್ಕವರು ಯಾರು? ಕಾರಿಗೆ ವಿಮೆಯಿದ್ದರೆ, ಆ ವಿಮಾ ಕಂಪನಿಯ ದೃಷ್ಟಿಯಲ್ಲಿ ನಮ್ಮ ನೆರೆಯವರು ಮೂರನೆಯ ವ್ಯಕ್ತಿ. ಕಡ್ಡಾಯವಾದ ವಿಮೆಯು ಇರುವುದೇ ಅಂಥ ಮೂರನೆಯವರಿಗಾಗಿ. ೧೬೬ನೆಯ ಕಲಮಿನಂತೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ಇದರ ವಿಚಾರಣೆ ನಡೆಯುತ್ತದೆ. ಅಪಘಾತವು ಬೇರೆ ಊರಿನಲ್ಲಾದರೂ ಅರ್ಜಿದಾರನು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲಿಯೇ ಕೇಳಬಹುದೆಂಬುದು ಬಡವರಿಗೆ ದೊಡ್ಡ ಅನುಕೂಲ. ಚಿಕಿತ್ಸೆಯ ವೆಚ್ಚ, ತಪ್ಪಿದ ದುಡಿಮೆ, ಮುಂದೆ ಕುಂದುವ ಶಕ್ತಿ, ಪಟ್ಟ ನೋವು, ವಾಹನದ ಜಖಂ ಇವೆಲ್ಲವೂ ಅರ್ಜಿಯಲ್ಲಿ ಸೇರುತ್ತವೆ. ಗುದ್ದಿದವನಿಗೂ ವಿಮೆಯಿಲ್ಲದಿದ್ದರೆ ಮಾಲೀಕನೂ ಚಾಲಕನೂ ಸ್ವಂತ ಗಂಟಿನಿಂದ ತೆರಬೇಕು. ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಅವಕಾಶವಿದೆ. ಗುದ್ದಿದ ವಾಹನವು ಗುರುತು ಸಿಕ್ಕದೆ ಓಡಿಹೋದರೆ, ೨೦೨೨ರಲ್ಲಿ ಜಾರಿಗೆ ಬಂದ ಯೋಜನೆಯಂತೆ ಮರಣಕ್ಕೆ ೨ ಲಕ್ಷ, ತೀವ್ರ ಗಾಯಕ್ಕೆ ೫೦,೦೦೦ ರೂಪಾಯಿ ದೊರೆಯುತ್ತದೆ. ೨೦೨೫ರ ಮೇ ತಿಂಗಳಿನಿಂದ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತವಾದ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಕೈಯಿಂದ ಹಣ ಕೊಡದೆ ಪಡೆಯುವ ಏರ್ಪಾಡೂ ಆಗಿದೆ.

ಇಷ್ಟಕ್ಕೆಲ್ಲ ಬುನಾದಿ ಪೊಲೀಸರಿಗೆ ಕೊಡುವ ದೂರು. ಪ್ರಥಮ ವರ್ತಮಾನ ವರದಿ, ಸ್ಥಳದ ಮಹಜರು, ಗಾಯದ ಪ್ರಮಾಣಪತ್ರ, ಔಷಧದ ಚೀಟಿಗಳು, ದುಡಿಮೆಯ ಪುರಾವೆ ಇವುಗಳನ್ನು ಜೋಪಾನವಾಗಿಡಬೇಕು. ೨೦೨೨ರ ಏಪ್ರಿಲಿನಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕಾಗಿರುವುದರಿಂದ, ಯೋಚನೆಯಲ್ಲಿ ಕಾಲ ಕಳೆಯಬಾರದು. ಓದದೆ ಯಾವ ರಾಜಿಪತ್ರಕ್ಕೂ ರುಜು ಹಾಕಬಾರದು.

ನಮ್ಮ ನೆರೆಯವರು ಹತ್ತು ಸಾವಿರವನ್ನು ನಿರಾಕರಿಸಿ ದೂರು ಕೊಟ್ಟರು. ಮೊದಲು ಅವರ ವಿಮೆಯ ಬಾಬ್ತು ದಂಡ ಬಿತ್ತು. ಅದನ್ನು ಗೊಣಗದೆ ತೆತ್ತರು. ಮದುವೆಗಳ ಎರಡು ಕಾಲ ಕಳೆದ ಮೇಲೆ ಲೋಕ ಅದಾಲತ್ತಿನಲ್ಲಿ ರಾಜಿಯಾಗಿ, ಕಾರಿನ ವಿಮಾ ಕಂಪನಿಯು ಕೊಟ್ಟ ಹಣದಿಂದ ಆಸ್ಪತ್ರೆಯ ಸಾಲ ತೀರಿತು. ಅವರ ಕಾಲು ಇನ್ನೂ ಮೊದಲಿನಂತಾಗಿಲ್ಲ. ಈಗ ಸ್ಟೂಲಿನ ಮೇಲೆ ಕುಳಿತು ಒಗ್ಗರಣೆಯ ಹದವನ್ನು ಹುಡುಗರಿಗೆ ಹೇಳಿಕೊಡುತ್ತಾರೆ.

ಇದನ್ನು ಓದಿ, ವಿಮೆಯಿಲ್ಲದಿದ್ದರೂ ನಡೆದೀತೆಂದು ಯಾರೂ ತಿಳಿಯಬಾರದು. ತಪ್ಪಿನಲ್ಲಿ ನಮ್ಮದೂ ಒಂದು ಪಾಲಿದೆಯೆಂದು ತೀರ್ಮಾನವಾದರೆ, ಎದುರಿನವನ ನಷ್ಟಕ್ಕೆ ಆ ಪಾಲನ್ನು ಮನೆಯ ಒಡವೆ ಮಾರಿಯಾದರೂ ಕೊಡಬೇಕಾದೀತು. ವಾಹನ ನಡೆಸುವ ಮಾಲೀಕನಿಗೆ ಇರತಕ್ಕ ೧೫ ಲಕ್ಷ ರೂಪಾಯಿಯ ಸ್ವಂತ ಅಪಘಾತ ವಿಮೆಯೂ ಇಲ್ಲವಾಗುತ್ತದೆ. ಆದಕಾರಣ ಯುಗಾದಿಗೆ ಹೊಸ ಪಂಚಾಂಗ ತಂದಾಗ, ಮನೆಯ ವಾಹನಗಳ ವಿಮೆ ತೀರುವ ದಿನಗಳನ್ನು ಅದರ ಮೊದಲ ಪುಟದಲ್ಲಿಯೇ ಬರೆದಿಡುವುದು ಒಳ್ಳೆಯದು.