ರಾಜ ರಾಣಿ ಕಳ್ಳ ಪೊಲೀಸ್ ಮತ್ತು ಇಂಗ್ಲಿಷ್ ಗ್ರಾಮರ್

"ರಾಮನಿಂದ ರಾವಣನು ಕೊಲ್ಲಲ್ಪಟ್ಟನು."

ಪ್ಯಾಸಿವ್ ವಾಯ್ಸ್ ಅಂದ ತಕ್ಷಣ ಕನ್ನಡ ಮೀಡಿಯಂನಲ್ಲಿ ಓದಿದ ನಮಗೆಲ್ಲ ಮೊದಲು ನೆನಪಾಗೋದು ಇದೇ ವಾಕ್ಯ. ಮಂಡ್ಯ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ನಾನು ಇವತ್ತಿನವರೆಗೂ ಒಬ್ಬರ ಬಾಯಲ್ಲೂ 'ಕೊಲ್ಲಲ್ಪಟ್ಟನು' ಅನ್ನೋ ಪದ ಕೇಳಿಲ್ಲ. ನಮ್ಮ ಕಡೆ "ಕೊಂದಾಕ್ಬುಟ್ರು ಕಣ್ಲಾ" ಅಂತಾರೆ, ಅಷ್ಟೇ :-)

ನಾನು ಎ ಬಿ ಸಿ ಡಿ ಕಲಿತದ್ದು ಮದ್ದೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ, 5ನೇ ಕ್ಲಾಸಿಗೆ ಬಂದ ಮೇಲೆ. ಅದೇ ವರ್ಷ, ಅಂದ್ರೆ 2007ರಲ್ಲಿ, ಸರ್ಕಾರ 1ನೇ ಕ್ಲಾಸಿನಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಶುರು ಮಾಡಿತು. ಹಾಗಾಗಿ 1ನೇ ಕ್ಲಾಸಿನ ಚಿಳ್ಳೆಪಿಳ್ಳೆಗಳೂ 5ನೇ ಕ್ಲಾಸಿನ ನಾವೂ ಒಟ್ಟಿಗೇ ಎ ಫಾರ್ ಆ್ಯಪಲ್ ಅಂದೆವು! ಆಮೇಲೆ ಹೈಸ್ಕೂಲಿನಲ್ಲಿ ಹನ್ನೆರಡು ಟೆನ್ಸ್‌ಗಳ ಪಟ್ಟಿ ಬಾಯಿಪಾಠ ಮಾಡಿದ್ದಾಯ್ತು, ಮಾರ್ಕ್ಸೂ ಚೆನ್ನಾಗೇ ಬಂತು. ಆದರೆ ಎಂಜಿನಿಯರಿಂಗ್ ಸೇರಿ ಮೊದಲ ಸೆಮಿನಾರ್ ಕೊಡಲು ನಿಂತಾಗ ಆ ಪಟ್ಟಿಯ ಒಂದು ಸಾಲೂ ನೆರವಿಗೆ ಬರಲಿಲ್ಲ. ಮನಸ್ಸಲ್ಲಿ ಉತ್ತರ ಇದೆ, ನಾಲಿಗೆ ಏಳ್ತಾ ಇಲ್ಲ. ಇದನ್ನ ಅನುಭವಿಸಿದವರು ನಿಮ್ಮಲ್ಲೂ ಬೇಕಾದಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು.

ಈಗ ಇದೆಲ್ಲ ಯಾಕೆ ಅಂದ್ರೆ, ನನ್ನ ಅಕ್ಕ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಊರಿಗೆ ಹೋದ ವಾರ, ಶನಿವಾರದ ಮಾರ್ನಿಂಗ್ ಕ್ಲಾಸಿಗೆ ನಾನೂ ಅವಳ ಜೊತೆ ಹೋಗ್ತೀನಿ. "ಸುಮ್ನೆ ಸಾಫ್ಟ್‌ವೇರ್ ಬಗ್ಗೆ ಭಾಷಣ ಬಿಗೀಬೇಡ ಕಣೋ, ಮಕ್ಕಳ ಬಾಯಿ ಬಿಡ್ಸು ಸಾಕು" ಅಂದಿದ್ದಾಳೆ. ಅದು ಭಾಷಣಕ್ಕಿಂತ ಕಷ್ಟದ ಕೆಲಸ!

ಅಲ್ಲಿ ನೋಡಿದ, ನಾವು ಆಡಿಸಿದ ಮೂರು ಆಟಗಳನ್ನ ಇಲ್ಲಿ ಬರೀತೀನಿ. ಯಾವುದಕ್ಕೂ ಪ್ರೊಜೆಕ್ಟರ್ ಬೇಡ, ದುಡ್ಡೂ ಬೇಡ.

ಮೊದಲನೆಯದು ಬಸ್ ಬೋರ್ಡ್ ಆಟ. ಮದ್ದೂರು, ಮಂಡ್ಯದಲ್ಲಿ ರೈಲು ನಿಲ್ಲುತ್ತೆ, ಮಳವಳ್ಳಿಗೆ ರೈಲೇ ಇಲ್ಲ. ಆದ್ದರಿಂದ ಅಲ್ಲಿನ ಮಕ್ಕಳಿಗೆ ಬಸ್ಸೇ ಸರ್ವಸ್ವ. ಮಳವಳ್ಳಿಯಿಂದ ಮದ್ದೂರು, ಮಂಡ್ಯ, ಕೊಳ್ಳೇಗಾಲಕ್ಕೆ ಹೋಗೋ ಬಸ್ಸುಗಳ ಒಂದು ಪಟ್ಟಿ ಮಾಡಿ, ಎರಡು ಚೀಟಿಯಲ್ಲಿ ಬರೆದೆವು. ಒಂದರಲ್ಲಿ ಕೆಲವು ಟೈಮಿಂಗ್ ಖಾಲಿ, ಇನ್ನೊಂದರಲ್ಲಿ ಬೇರೆ ಕೆಲವು ಖಾಲಿ. ಇಬ್ಬಿಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂತು, ಕೇಳಿ ಕೇಳಿ ತುಂಬಬೇಕು. ಚೀಟಿ ತೋರಿಸೋ ಹಾಗಿಲ್ಲ.

ಇಲ್ಲೇ ಒಂದು ಸ್ವಾರಸ್ಯ. ಕನ್ನಡದಲ್ಲಿ ಪ್ರಶ್ನೆ ಮಾಡೋಕೆ ಕೊನೆಗೆ ಒಂದು 'ಆ' ಎಳೆದರೆ ಮುಗೀತು. ಬಸ್ಸು ಬಂತು - ಬಸ್ಸು ಬಂತಾ? ಅದೇ ಧಾಟಿಯಲ್ಲಿ ಒಬ್ಬ "ಮಂಡ್ಯ ಬಸ್ ಕಮ್ಸಾ?" ಅಂತ ಕೇಳಿದ. ಕ್ಲಾಸೆಲ್ಲ ನಕ್ಕಿತು, ಅವನೂ ನಕ್ಕ. ಆದರೆ ಅವನ ಲೆಕ್ಕಾಚಾರದಲ್ಲಿ ತರ್ಕ ಇದೆ. ಇಂಗ್ಲಿಷಿನಲ್ಲಿ ಪ್ರಶ್ನೆಗೆ 'ಡಸ್', 'ಡಿಡ್' ಅನ್ನೋ ಆಳನ್ನ ಕರೆದು ಮುಂದೆ ನಿಲ್ಲಿಸಬೇಕು, ನಮ್ಮಲ್ಲಿ ಆ ಕೆಲಸವನ್ನ ಬಾಲದಲ್ಲಿರೋ 'ಆ' ಮಾಡುತ್ತೆ. ಅಕ್ಕ ಇಷ್ಟನ್ನು ಬೋರ್ಡಿನ ಮೇಲೆ ಬರೆದು ತೋರಿಸಿದಳು. ಅರ್ಧ ಗಂಟೆಯಲ್ಲಿ "ವಾಟ್ ಟೈಮ್ ಡಸ್ ದಿ ಮಂಡ್ಯ ಬಸ್ ಲೀವ್?" ಅನ್ನೋದು ಕ್ಲಾಸಿನ ನಾಲ್ಕೂ ಮೂಲೆಯಿಂದ ಕೇಳಿಸ್ತಿತ್ತು.

ಎರಡನೆಯದು ಆಲೆಮನೆ. "ಆಲೆಮನೇಲಿ ಏನೇನ್ ಮಾಡ್ತಾರೆ ಹೇಳ್ರೋ" ಅಂದೆ. ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಕಬ್ಬು ಅರೀತಾರೆ, ಹಾಲು ಸೋಸ್ತಾರೆ, ಕೊಪ್ಪರಿಗೇಲಿ ಕಾಯಿಸ್ತಾರೆ, ಸುಣ್ಣ ಹಾಕ್ತಾರೆ, ಕೊಳೆ ತೆಗೀತಾರೆ, ಅಚ್ಚಿಗೆ ಹುಯ್ತಾರೆ. "ಯಾರು?" ಅಂತ ಕೇಳಿದ್ರೆ, "ಯಾರಾದ್ರೂ ಸರಿ, ಬೆಲ್ಲ ಆಗ್ತದಲ್ಲ ಸಾ!" ಅಂದ ಹಿಂದಿನ ಬೆಂಚಿನ ಹುಡುಗ. ಪ್ಯಾಸಿವ್ ವಾಯ್ಸ್‌ಗೆ ಇದಕ್ಕಿಂತ ಒಳ್ಳೆ ವಿವರಣೆ ನಾನು ಯಾವ ಗ್ರಾಮರ್ ಪುಸ್ತಕದಲ್ಲೂ ಓದಿಲ್ಲ. ಮಾಡಿದವರು ಯಾರು ಅನ್ನೋದು ಮುಖ್ಯ ಅಲ್ಲದಾಗ ನಾವು 'ಅರೀತಾರೆ' ಅಂತೀವಿ, ಇಂಗ್ಲಿಷಿನವರು "ದಿ ಕೇನ್ ಈಸ್ ಕ್ರಶ್ಡ್" ಅಂತಾರೆ. ಮಧ್ಯೆ 'ಅರೆಯಲ್ಪಡುತ್ತದೆ' ಅನ್ನೋ ಸೇತುವೆ ಬೇಕೇ ಇಲ್ಲ. ಒಬ್ಬೊಬ್ಬರಿಗೂ ಒಂದೊಂದು ಚೀಟಿ ಕೊಟ್ಟು, ಬೆಲ್ಲ ಆಗೋ ಕ್ರಮದಲ್ಲಿ ಸಾಲಾಗಿ ನಿಂತು ಹೇಳಿ ಅಂದೆವು. ದಿ ಜ್ಯೂಸ್ ಈಸ್ ಬಾಯ್ಲ್ಡ್, ದಿ ಸ್ಕಮ್ ಈಸ್ ರಿಮೂವ್ಡ್... ಹೀಗೆ ಬೆಲ್ಲ ಅಚ್ಚಿಗೆ ಬೀಳೋ ತನಕ. ಮದ್ದೂರು ವಡೆಯನ್ನೂ ಹೀಗೇ ಕರಿಯಬಹುದು ನೋಡಿ.

ಮೂರನೆಯದು ಎಲ್ಲರೂ ಆಡಿರೋ ರಾಜ ರಾಣಿ ಕಳ್ಳ ಪೊಲೀಸ್. ಬಿಸಿಯೂಟದ ಅಡುಗೆಮನೆಯಿಂದ ನಿನ್ನೆ ರಾತ್ರಿ ಎಂಟು ಗಂಟೆಗೆ ಒಂದು ಅಚ್ಚು ಬೆಲ್ಲ ಕಳುವಾಗಿದೆ ಅಂತ ಕತೆ. ಚೀಟಿಯಲ್ಲಿ ಕಳ್ಳರಾದ ಇಬ್ಬರು ಹೊರಗೆ ಹೋಗಿ, "ನಾವಿಬ್ಬರೂ ಆಗ ಮಂಡ್ಯದಲ್ಲಿದ್ವಿ" ಅನ್ನೋ ಒಂದು ಸುಳ್ಳು ಹೆಣೆದು ಬರಬೇಕು. ಆಮೇಲೆ ಒಬ್ಬೊಬ್ಬರನ್ನೇ ಕರೆದು ಇಡೀ ಕ್ಲಾಸು ವಿಚಾರಣೆ ಮಾಡುತ್ತೆ. ವೇರ್ ವರ್ ಯು? ವಾಟ್ ವರ್ ಯು ಈಟಿಂಗ್? ಇಬ್ಬರ ಉತ್ತರ ತಾಳೆ ಆಗದಿದ್ರೆ ಸಿಕ್ಕಿಬಿದ್ದ ಹಾಗೆ. ಪಾಸ್ಟ್ ಕಂಟಿನ್ಯುಯಸ್ ಅಂತ ಯಾರೂ ಹೆಸರು ಹೇಳಲಿಲ್ಲ, ಆದರೆ ಕ್ಲಾಸು ಪೂರ್ತಿ ಅದರಲ್ಲೇ ಮಾತಾಡ್ತು.

ಇದು ನಾವೇ ಕಂಡುಹಿಡಿದಿದ್ದೇನಲ್ಲ. ಭಾಷೆ ಕಲಿಸೋ ಜಗತ್ತಿನಲ್ಲಿ 'ಬೆಂಗಳೂರು ಪ್ರಾಜೆಕ್ಟ್' ಅಂತ ಒಂದು ಹೆಸರುವಾಸಿ ಪ್ರಯೋಗ ಇದೆ. ನಮ್ಮ ಬೆಂಗಳೂರೇ! 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅನ್ನೋರು ಬೆಂಗಳೂರು, ಮದ್ರಾಸು ಮೊದಲಾದ ಕಡೆಯ ಕೆಲವು ಶಾಲೆಗಳಲ್ಲಿ ಗ್ರಾಮರ್ ಪಟ್ಟಿಯನ್ನ ಬದಿಗಿಟ್ಟು ಬರೀ ಕೆಲಸಗಳ ಮೂಲಕ ಇಂಗ್ಲಿಷ್ ಕಲಿಸಿ ನೋಡಿದರು. ರೈಲ್ವೆ ಟೈಮ್‌ಟೇಬಲ್ ಓದಿ ಲೆಕ್ಕ ಹಾಕೋದು, ಮ್ಯಾಪ್ ನೋಡಿ ದಾರಿ ಹೇಳೋದು, ಇಂಥವು. ಮನಸ್ಸು ಅರ್ಥದ ಮೇಲೆ ಇದ್ದಾಗ ವ್ಯಾಕರಣ ತಾನಾಗಿ ಒಳಗೆ ಇಳಿಯುತ್ತೆ ಅನ್ನೋದು ಅವರ ವಾದ. 1987ರಲ್ಲಿ ಅದರ ಬಗ್ಗೆ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಗಿ' ಅನ್ನೋ ಪುಸ್ತಕವನ್ನೂ ಬರೆದರು. ಪುಟಾಣಿಗಳಿಗೆ ಚಟುವಟಿಕೆಯಿಂದ ಕಲಿಸೋ ನಲಿ-ಕಲಿ ಹುಟ್ಟಿದ್ದೂ ದೂರ ಎಲ್ಲೋ ಅಲ್ಲ, 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ.

ಹಾಗಾದ್ರೆ ದಿನಾ ಯಾಕೆ ಹೀಗೆ ಆಡಿಸಬಾರದು? ಅಕ್ಕನ್ನ ಕೇಳಿದೆ. "ಪೋರ್ಷನ್ ಮುಗಿಸೋರು ಯಾರು, ನಿಮ್ಮಪ್ಪನಾ?" ಅಂದಳು. (ಅವಳಪ್ಪನೂ ಅವರೇ ಅನ್ನೋದು ಆಮೇಲೆ ನೆನಪಾಯ್ತು ಅವಳಿಗೆ.) ಅವಳ ಮಾತಲ್ಲಿ ಸತ್ಯ ಇದೆ. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ 80 ಅಂಕ ಬರವಣಿಗೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಬೋರ್ಡ್ ಪರೀಕ್ಷೆ ದಿನ ಯಾರೂ ಬಾಯಿ ಬಿಡಬೇಕಾಗಿಲ್ಲ. ಪರೀಕ್ಷೆಯಲ್ಲಿ ಕೇಳದ್ದನ್ನ ಕಲಿಸೋಕೆ ಟೀಚರಿಗೆ ಧೈರ್ಯ ಬೇಕು, ಪಕ್ಕದ ಕ್ಲಾಸಿನವರ "ಏನ್ರೀ ಇದು ಗಲಾಟೆ" ತಡ್ಕೊಳ್ಳೋ ತಾಳ್ಮೆನೂ ಬೇಕು.

ಆದರೆ ಪೋರ್ಷನ್ ಮುಗಿದ ಮೇಲೂ ಮುಗಿಯದ್ದು ಒಂದಿದೆ. ಕಳ್ಳ ಪೊಲೀಸ್ ಆಡಿದ ದಿನ, ಅಕ್ಕನ ಪ್ರಕಾರ ವರ್ಷವಿಡೀ ತಲೆ ಎತ್ತದ ಒಬ್ಬ ಹುಡುಗಿ, ಕಳ್ಳನನ್ನ "ವಾಟ್ ಕಲರ್ ವಾಸ್ ದಿ ಬಸ್?" ಅಂತ ಕೇಳಿದಳು. ಒಬ್ಬ ರೆಡ್ ಅಂದಿದ್ದ, ಇನ್ನೊಬ್ಬ ಬ್ಲೂ ಅಂದ. ಸಿಕ್ಕಿಬಿದ್ದರು! ಕ್ಲಾಸು ಮುಗಿದ ಮೇಲೆ ಅವಳನ್ನ "ಮುಂದೆ ಏನವ್ವ ಓದ್ತೀಯ?" ಅಂತ ಕೇಳಿದೆ. "ಆರ್ಟ್ಸ್ ತಗೋತೀನಿ ಸಾ. ಸೈನ್ಸ್ ಇಷ್ಟನೇ, ಆದ್ರೆ ಅದೆಲ್ಲ ಇಂಗ್ಲಿಷಲ್ಲಿ ಇರ್ತದಲ್ಲ" ಅಂದಳು. ಆರ್ಟ್ಸ್ ಇಷ್ಟಪಟ್ಟು ತಗೊಂಡರೆ ನನ್ನದೇನೂ ತಕರಾರಿಲ್ಲ. ಭಾಷೆಗೆ ಹೆದರಿ ತಗೋತೀನಿ ಅಂದಾಗ ಹೊಟ್ಟೆ ಚುರುಕ್ ಅಂತು. ಅವಳಿಗೆ ವಿಜ್ಞಾನದಲ್ಲಿ ಕ್ಲಾಸಿಗೇ ಹೆಚ್ಚು ಮಾರ್ಕ್ಸಂತೆ.

2019-20ರಲ್ಲಿ ಸರ್ಕಾರ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ಶುರು ಮಾಡಿದಾಗ ಎಷ್ಟೊಂದು ವಾದ ವಿವಾದ ನಡೀತು. ಅದರ ತೀರ್ಮಾನ ದೊಡ್ಡವರು ಮಾಡಲಿ. ನನಗೆ ಕಾಣೋದಿಷ್ಟು: ಮೀಡಿಯಂ ಯಾವುದೇ ಇರಲಿ, ಮಗು ತಪ್ಪು ತಪ್ಪಾಗಿಯಾದರೂ ಬಾಯಿ ಬಿಡೋಕೆ ಕ್ಲಾಸಿನಲ್ಲಿ ಒಂದು ಜಾಗ ಬೇಕು. ಕನ್ನಡವನ್ನು ನಾವು ಕಲಿತದ್ದೂ ಹಾಗೇ ಅಲ್ವಾ? ತೊದಲಿದಾಗ ಮನೆಯಲ್ಲಿ ಯಾರೂ ಬೆತ್ತ ಹಿಡಿದು ನಿಂತಿರಲಿಲ್ಲ.

ಮುಂದಿನ ಸಲ ಹೋದಾಗ ಶಿವಪುರದ ಧ್ವಜ ಸತ್ಯಾಗ್ರಹವನ್ನ ಇಟ್ಟುಕೊಂಡು ಒಂದು ಆಟ ಮಾಡಬೇಕು ಅಂತಿದ್ದೀನಿ. 1938ರಲ್ಲಿ ಮದ್ದೂರಿನ ಪಕ್ಕದಲ್ಲೇ ನಡೆದ ಸಂಗತಿ, ಸಿಂಪಲ್ ಪಾಸ್ಟ್‌ಗೆ ಹೇಳಿ ಮಾಡಿಸಿದ ಹಾಗಿದೆ. ಒಬ್ಬರು ಪತ್ರಕರ್ತರು, ಉಳಿದವರು ಸತ್ಯಾಗ್ರಹಿಗಳು. ಪತ್ರಕರ್ತೆ ಯಾರಾಗಬೇಕು ಅನ್ನೋದನ್ನ ಅಕ್ಕ ಆಗಲೇ ನಿರ್ಧಾರ ಮಾಡಿದ್ದಾಳೆ. ಬಸ್ಸಿನ ಬಣ್ಣ ಕೇಳಿದ ಆ ಹುಡುಗಿ!

ನಿಮ್ಮ ಹತ್ತಿರವೂ ಇಂಥ ಆಟಗಳಿದ್ದರೆ ದಯವಿಟ್ಟು ತಿಳಿಸಿ. ಮೂರು ಆಟ ಆಡಿ ಮುಗೀತು, ವರ್ಷದಲ್ಲಿ ಶನಿವಾರಗಳು ಇನ್ನೂ ಬೇಕಾದಷ್ಟಿವೆ.